ಜೇನಕ್ಕನ ಗಂಟಲು

"ಇವಳಲ್ಲ ಕಣಮ್ಮ. ಹಾಡೋಳನ್ನ ಕರ್ಕೊಂಡು ಬಾ."

ಇಷ್ಟು ಹೇಳಿ ಅಜ್ಜಿ ಗೋಡೆಯ ಕಡೆ ಮಗ್ಗುಲಾದಳು. ಕಣ್ಣಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ, ಕಿಟಕಿ ಪಕ್ಕದ ಮಂಚದ ಹತ್ತಿರ, ಸ್ಟೂಲಿನ ಮೇಲೆ ಕೂತಿದ್ದ ಜೇನಕ್ಕನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಎರಡನೇ ಚರಣ ಇನ್ನೂ ಅರ್ಧವೂ ಆಗಿರಲಿಲ್ಲ. ಅಕ್ಕಪಕ್ಕದ ಮಂಚದವರು ಮುಖ ಮುಖ ನೋಡಿಕೊಂಡರು. ನೋಡಿಕೊಂಡರು ಅನ್ನುವುದೂ ದೊಡ್ಡ ಮಾತೇ, ಅವರಲ್ಲಿ ಅರ್ಧ ಜನಕ್ಕೆ ಕಣ್ಣಿಗೆ ಪಟ್ಟಿ ಇತ್ತು.

ನರ್ಸಮ್ಮನಿಗೆ ನಾಚಿಕೆಯಿಂದ ಜೀವ ಹಿಡಿಯಷ್ಟಾಯಿತು. ಅವಳೂ ಜೇನಕ್ಕ ಹಾಡುವ ಕ್ರೈಸ್ತ ಸಭೆಯವಳೇ. ಕರೆಸಿದವಳೂ ಅವಳೇ. ಈ ಅಜ್ಜಿಯ ಒಂದು ಕಣ್ಣಿನ ಆಪರೇಷನ್ ಮುಗಿದು ಪಟ್ಟಿ ಕಟ್ಟಿದ್ದರು. ಇನ್ನೊಂದರಲ್ಲಿ ಪೊರೆ ತುಂಬಿ ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಮರುದಿನ ಆ ಕಣ್ಣಿನ ಸರದಿ. ಅಜ್ಜಿ ಮಾತ್ರ ಹಟ ಹಿಡಿದು ಕೂತಿದ್ದಳು. ಹಗಲೂ ಇರುಳೂ ಫೋನಿನಲ್ಲಿ ಕೇಳುವ ಆ ಹಾಡಿನ ಜೇನಕ್ಕ ಬಂದು ಒಂದು ಸಲ ಎದುರಿಗೆ ಹಾಡಿದರೆ ಮಾತ್ರ ಕತ್ತರಿ ಹಾಕಿಸಿಕೊಳ್ಳುತ್ತೇನೆ, ಇಲ್ಲದಿದ್ದರೆ ಮನೆಗೆ ಕಳಿಸಿಬಿಡಿ ಅಂತ.

"ಅಜ್ಜಿ, ಇವರೇ ಜೇನಕ್ಕ. ನೀವು ದಿನಾ ಕೇಳ್ತೀರಲ್ಲ, ಅವರೇ."

"ಕಣ್ಣಿಲ್ಲ ಅಂತ ಯಾರ್ಯಾರನ್ನೋ ತಂದು ಕೂರಿಸ್ತೀಯಾ? ಹೋಗಿರೋದು ಕಣ್ಣು, ಕಿವಿ ಅಲ್ಲ. ಟಾಕೀಸಿನ ಟಿಕೆಟ್ ಕಿಂಡಿ ಹಿಂದೆ ಜೀವಮಾನವೆಲ್ಲ ಕೂತವಳು ನಾನು. ಹೊರಗೆ ನಿಂತವರ ಮುಖ ಕಾಣ್ತಿರ್ಲಿಲ್ಲ, ಕೈ ಮತ್ತೆ ದನಿ ಅಷ್ಟೇ. ದನಿ ಕೇಳಿ ಇವನು ನಿನ್ನೆ ಬಂದಿದ್ದ ಅಂತ ಹೇಳ್ತಿದ್ದೆ. ನಂಗೇ ಟೋಪಿ ಹಾಕ್ತೀಯಾ?"

"ಅಯ್ಯೋ, ಹಾಗಲ್ಲ ಅಜ್ಜಿ…"

"ಇವಳದ್ದೂ ಕೆಟ್ಟದಾಗೇನಿಲ್ಲ ಬಿಡು. ಪಾಪ, ಭಯ ಪಡ್ತಾ ಹಾಡ್ತಾಳೆ. ಆದ್ರೆ ಇವಳು ಅವಳಲ್ಲ."

ಕೊನೆಗೆ ನರ್ಸಮ್ಮ ಒಂದು ಒಪ್ಪಂದಕ್ಕೆ ಬಂದಳು. ನಾಳೆ ತಕರಾರಿಲ್ಲದೆ ಆಪರೇಷನ್ ಮಾಡಿಸಿಕೊಂಡರೆ, ಭಾನುವಾರ ತಾನೇ ಕರೆದುಕೊಂಡು ಹೋಗಿ ಸಭೆಯಲ್ಲಿ ಮುಂದೆ ಕೂರಿಸಿ ನಿಜವಾದ ಜೇನಕ್ಕನನ್ನು ಕೇಳಿಸುತ್ತೇನೆ ಅಂದಳು. ಅಜ್ಜಿ ಗೋಡೆಗೆ ಮುಖ ಮಾಡಿಕೊಂಡೇ "ಹೂಂ" ಅಂದಳು. ನಿಜವಾದ ಜೇನಕ್ಕ ಅಲ್ಲೇ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು.

ಜೇನಕ್ಕ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಸಭೆಯವರು ಕೊಟ್ಟದ್ದು. ದನಿ ಜೇನಿನ ಹಾಗಿದೆಯಂತೆ, ಅದಕ್ಕೆ. ಮದುವೆಯಾಗಿ ಈ ಮನೆಗೆ ಬಂದು ಹದಿನಾಲ್ಕು ವರ್ಷ. ಅಷ್ಟೂ ವರ್ಷ ಗಂಡನ ಪಕ್ಕದಲ್ಲಿ, ಒಂದೇ ಬಣ್ಣದ ಬಟ್ಟೆ ತೊಟ್ಟು, ಎರಡನೇ ಮೈಕಿನ ಮುಂದೆ ನಿಂತು ಹಾಡಿದವಳು. ಇದು ಮಾವ ಕಟ್ಟಿದ ಹಾಡಿನ ಸೇವೆ. ಹಾಡುಗಳನ್ನೆಲ್ಲ ಅವರೇ ಬರೆದು, ರಾಗ ಹಾಕಿ, ಒಂದು ಹಳೇ ವ್ಯಾನಿನಲ್ಲಿ ಹೆಂಡತಿ ಮಕ್ಕಳನ್ನೂ ಸ್ಪೀಕರುಗಳನ್ನೂ ತುಂಬಿಕೊಂಡು ಸಭೆಯಿಂದ ಸಭೆಗೆ ತಿರುಗಿದವರು. ಮಾವ ತೀರಿಕೊಂಡರು. ಅತ್ತೆಗೆ ಮಂಡಿ ನೋವು, ಅವರೀಗ ಮುಂದಿನ ಸಾಲಿನಲ್ಲಿ ಕೂತು ಕಣ್ಣು ಮುಚ್ಚಿ ಕೇಳುತ್ತಾರೆ. ವೇದಿಕೆಯ ಮೇಲೆ ಉಳಿದವರು ಗಂಡ ಹೆಂಡತಿ ಇಬ್ಬರೇ. ಮಾವನ ಗಿಟಾರು, ಡ್ರಮ್ಮು, ಮಿಕ್ಕಿದ್ದೆಲ್ಲ ಅವರ ಕಾಲದಲ್ಲೇ ರೆಕಾರ್ಡು ಮಾಡಿಟ್ಟ ಹಳೇ ಟ್ರ್ಯಾಕಿನಿಂದ ಬರುತ್ತದೆ. ಅದು ಸಭೆಗೆಲ್ಲ ಗೊತ್ತಿರುವ ಮಾತೇ. ಸತ್ತ ಮೇಲೂ ಸೇವೆ ಬಿಡದ ಮನುಷ್ಯ ಅಂತ ಜನ ಮಾವನನ್ನು ಹೊಗಳುತ್ತಿದ್ದರು.

ಮೊದಲ ಸಲ ತನ್ನ ದನಿಯನ್ನು ಕ್ಯಾಸೆಟ್ಟಿನಲ್ಲಿ ಕೇಳಿದಾಗ ಜೇನಕ್ಕ ಬೆಚ್ಚಿಬಿದ್ದಿದ್ದಳು. "ಅಯ್ಯೋ, ಇದು ನಾನಲ್ಲ!" ಅಂದಿದ್ದಳು. ಗಂಡ ಮುಖ ತಿರುಗಿಸಿ ವಯರು ಸುತ್ತತೊಡಗಿದ. ಅತ್ತೆ ಮಾತ್ರ, "ಎಲ್ರಿಗೂ ಹಾಗೇ ಅನ್ಸೋದು ಕಣೇ. ನಮ್ಮ ದನಿ ನಮಗೇ ಗುರುತು ಸಿಗಲ್ಲ" ಅಂದರು. ಹೌದಲ್ಲ, ಹಾಡುವವರೆಲ್ಲ ಹಾಗೇ ಹೇಳುತ್ತಾರೆ. ಒಳಗೆ ಕೇಳುವ ದನಿ ಬೇರೆ, ಹೊರಗೆ ಕೇಳುವ ದನಿ ಬೇರೆ. ಬೇರೆಯವರ ಪಾಲಿಗೆ ಹೊರಗಿನದು ಕೆಟ್ಟದಾಗಿ ಕೇಳುತ್ತದೆ, ತನ್ನ ಪಾಲಿಗೆ ಚೆನ್ನಾಗಿ ಕೇಳುತ್ತಿದೆ. ಇದು ಕೃಪೆಯಲ್ಲದೆ ಇನ್ನೇನು?

ಅದನ್ನೇ ಅವಳು, ದೇವರು ತನಗೆ ಮಾಡಿದ್ದನ್ನು ಸಭೆಯೆದುರು ಹೇಳುವ ಸಾಕ್ಷಿ ಮಾಡಿಕೊಂಡಳು. ಹಾಡಿಗೆ ಮುಂಚೆ ಮೈಕು ಹಿಡಿದು ಪ್ರತಿ ಸಲ ಹೇಳುವಳು: "ನನ್ನ ಗಂಟಲು ನಂಗೊತ್ತು ಪ್ರಿಯರೇ, ಅದರಲ್ಲಿ ಏನೂ ಇಲ್ಲ. ಆದರೆ ನಿಮ್ಮ ಕಿವಿಗೆ ಬರೋ ಹೊತ್ತಿಗೆ ನನ್ನ ಕರ್ತನು ಅದನ್ನ ಜೇನು ಮಾಡ್ತಾನೆ." ಜನ "ಸ್ತೋತ್ರ! ಸ್ತೋತ್ರ!" ಅನ್ನುತ್ತಿದ್ದರು. ಕೆಲವರು ಅಳುತ್ತಿದ್ದರು. ಅತ್ತೆಯೂ ಅಳುತ್ತಿದ್ದರು.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಜೇನಕ್ಕ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ವಯಸ್ಸಾದವಳು, ಅರಳು ಮರಳು. ಮೈಕಿಲ್ಲ, ತಾಳವಿಲ್ಲ, ಅದಕ್ಕೇ ಹಾಗೆ ಕೇಳಿಸಿರಬೇಕು. ಆದರೆ ಕಾಲು ಮನೆಯ ದಾರಿ ಹಿಡಿಯಲಿಲ್ಲ. ಮನೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು: ಸಾಮಾನಿಲ್ಲದೆ ಸೇವೆಯಿಲ್ಲ. ಯಾರ ಮನೆಗೇ ಹೋಗಲಿ, ಯಾರು ಸಾಯುತ್ತಾ ಮಲಗಿರಲಿ, ಸ್ಪೀಕರು, ಸೌಂಡಿನ ಬೋರ್ಡು, ಟ್ರ್ಯಾಕು ಇಲ್ಲದೆ ಬಾಯಿ ತೆರೆಯುವಂತಿಲ್ಲ. ಇದನ್ನು ಅವಳು ಗಂಡನ ಶಿಸ್ತು ಅಂದುಕೊಂಡಿದ್ದಳು. ಇವತ್ತು ಗಂಡ ಹೊಸ ಸ್ಪೀಕರು ತರಲು ಬೇರೆ ಊರಿಗೆ ಹೋಗಿದ್ದರಿಂದಲೇ ಅವಳು ಬರಿಗೈಯಲ್ಲಿ ಬಂದದ್ದು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ಮೊದಲ ಸಲಕ್ಕೇ ಒಬ್ಬಳು "ಇವಳಲ್ಲ" ಅಂದುಬಿಟ್ಟಳು!

ಸಭಾಮಂದಿರದ ಬಾಗಿಲು ತೆರೆದೇ ಇತ್ತು. ವಯರಣ್ಣ ಕುರ್ಚಿಗಳ ನಡುವೆ ಕೂತು ಒಂದು ಮೈಕಿನ ತಲೆ ಬಿಚ್ಚಿ ಒರೆಸುತ್ತಿದ್ದ. ಮಾವನ ಕಾಲದಿಂದಲೂ ಸೌಂಡಿನ ಬೋರ್ಡು ಅವನ ಕೈಯಲ್ಲೇ. ಸದಾ ಕುತ್ತಿಗೆಗೆ ಒಂದು ವಯರು ನೇತುಹಾಕಿಕೊಂಡಿರುವ ಮನುಷ್ಯ, ಮಾತು ಕಮ್ಮಿ, ತೂಕಡಿಕೆ ಜಾಸ್ತಿ.

"ವಯರಣ್ಣ, ಬಾಗಿಲು ಹಾಡಿನ ಟ್ರ್ಯಾಕ್ ಹಾಕು. ನಾನು ಒಂದ್ಸಲ ಹಾಡ್ತೀನಿ. ನೀನಿಲ್ಲಿ ಬೋರ್ಡ್ ನೋಡ್ಕೋ, ನಂದು ಹೇಗೆ ಕೇಳುತ್ತೆ ಹೇಳು."

ಬಾಗಿಲು ಹಾಡು ಅಂದರೆ ಮಾವ ಬರೆದ "ಮುಚ್ಚಿದ ಕದವ ತೆರೆಯೋ ತಂದೆ". ಆ ಸೇವೆಗೇ ಹೆಸರು ತಂದ ಹಾಡು. ವಯರಣ್ಣ ಆಕಳಿಸುತ್ತಾ, ಪ್ರತಿ ಭಾನುವಾರದ ಹಾಗೆಯೇ ಟ್ರ್ಯಾಕ್ ಹಾಕಿದ. ಜೇನಕ್ಕ ವೇದಿಕೆ ಹತ್ತಿದಳು, ಮೈಕು ಹಿಡಿದಳು. ಕಾಲ ಬುಡದಲ್ಲಿ ಅವಳದೇ ಒಂದು ಪುಟ್ಟ ಸ್ಪೀಕರು, ಮುಖ ಮೇಲಕ್ಕೆ ಮಾಡಿ ಇಟ್ಟದ್ದು. ಹಾಡುವವರಿಗೆ ತಮ್ಮ ದನಿ ತಮಗೆ ಕೇಳಲೆಂದು ಇಡುವ ಪೆಟ್ಟಿಗೆ. ಹಾಡಲು ಶುರು ಮಾಡಿದಳು. ಪೆಟ್ಟಿಗೆಯಿಂದ ಅವಳ ದನಿ ಎಂದಿನಂತೆ ಬಂತು. ಹಾಡುತ್ತಲೇ ಮೈಕನ್ನು ಮೆಲ್ಲಗೆ ಕೆಳಗಿಳಿಸಿ, ಬಾಯಿ ಮುಚ್ಚಿದಳು.

ಕಾಲ ಬುಡದ ಪೆಟ್ಟಿಗೆ ಸುಮ್ಮನಾಯಿತು. ಮುಂದಿನ ದೊಡ್ಡ ಸ್ಪೀಕರುಗಳು ಸುಮ್ಮನಾಗಲಿಲ್ಲ. ಅವುಗಳಲ್ಲಿ ಜೇನಕ್ಕ ಹಾಡುತ್ತಲೇ ಇದ್ದಳು. ಖಾಲಿ ಕುರ್ಚಿಗಳಿಗೆಲ್ಲ ಜೇನು ಸುರಿಯುತ್ತಾ, ಒಂದು ಸ್ವರವೂ ತಪ್ಪದೆ.

 ಅವಳು ಇನ್ನೊಂದು ಕೈಯಿಂದ ಬಾಯಿ ಮುಚ್ಚಿಕೊಂಡಳು, ಎಲ್ಲಿ ತಾನೇ ಗೊತ್ತಿಲ್ಲದೆ ಹಾಡುತ್ತಿದ್ದೇನೋ ಅನ್ನುವ ಹಾಗೆ. ಹಾಡು ನಿಲ್ಲಲಿಲ್ಲ.

"ಯಾರದು?" ಕೂಗಿದಳು. "ವಯರಣ್ಣ, ಯಾರದು ಹಾಡ್ತಿರೋದು?"

ವಯರಣ್ಣನ ತೂಕಡಿಕೆ ಹಾರಿಹೋಯಿತು. ಬೋರ್ಡನ್ನೂ ಅವಳನ್ನೂ ನೋಡಿದ. ಅವನ ಮುಖ ನೋಡಬೇಕಿತ್ತು, ಕೈಯಲ್ಲಿದ್ದ ಮೈಕಿನ ತಲೆ ಜಾರಿ ಕುರ್ಚಿಯ ಕೆಳಗೆ ಉರುಳಿಹೋಯಿತು.

"ಅಕ್ಕ… ನಿಮಗೆ ಗೊತ್ತಿಲ್ವಾ?"

"ಏನು ಗೊತ್ತಿಲ್ವಾ?"

"ಗೊತ್ತಿದೆ ಅಂತ್ಲೇ ನಾನು… ಅಯ್ಯೋ ದೇವರೇ. ನೀವು ಪ್ರತಿ ಸಲ ಸಾಕ್ಷಿ ಹೇಳ್ತೀರಲ್ಲ, ನಿಮ್ಮ ಕಿವಿಗೆ ಬರೋ ಹೊತ್ತಿಗೆ ಜೇನಾಗುತ್ತೆ ಅಂತ. ಎಷ್ಟು ಜಾಣತನದಿಂದ ಹೇಳ್ತಾರಪ್ಪ, ಸುಳ್ಳೂ ಹೇಳದ ಹಾಗೆ ನಿಜಾನೂ ಬಿಡದ ಹಾಗೆ ಅಂತ ನಾನು ಮೆಚ್ಕೊಂಡಿದ್ದೆ!"

ಜೇನಕ್ಕ ವೇದಿಕೆಯ ಅಂಚಿನಲ್ಲೇ ಕೂತಳು. ಕೂತವಳು ಹಟ ಮಾಡಿದಳು: ಬೇರೆ ಎಲ್ಲ ಇಳಿಸು, ಆ ಒಂದು ದನಿ ಮಾತ್ರ ಬಿಡು. ವಯರಣ್ಣ "ಅಣ್ಣನ್ನ ಒಂದ್ಮಾತು ಕೇಳಿ…" ಅಂದ. ಅವಳು ನೋಡಿದ ನೋಟಕ್ಕೆ ಉಳಿದ ಮಾತು ನುಂಗಿಕೊಂಡು ಬಟನ್ನುಗಳನ್ನು ಒಂದೊಂದಾಗಿ ಕೆಳಗೆಳೆದ. ಗಿಟಾರು ಹೋಯಿತು, ಡ್ರಮ್ಮು ಹೋಯಿತು. ಟ್ರ್ಯಾಕನ್ನು ಮತ್ತೆ ಮೊದಲಿಂದ ಬಿಟ್ಟ. ಹಾಡಿಗೆ ಮುಂಚಿನ ಮೌನದಲ್ಲಿ ಯಾರೋ ಕುರ್ಚಿ ಸರಿಸಿದ ಸದ್ದು. ಆಮೇಲೆ ಮಾವನ ದನಿ, ದೂರದಿಂದ, ಮೆಲ್ಲಗೆ: "ಪುಟ್ಟೀ, ಹೊಟ್ಟೆಯಿಂದ ಉಸಿರು ತಗೋ. ಅವಸರ ಬೇಡ." ಒಂದು ಹುಡುಗಿ ಕಿಸಕ್ಕನೆ ನಕ್ಕಳು. ನಕ್ಕು, ಉಸಿರೆಳೆದು, ಜೇನಕ್ಕನ ದನಿಯಲ್ಲಿ ಹಾಡಲು ಶುರು ಮಾಡಿದಳು.

ಪುಟ್ಟಿ. ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಗಂಡನ ತಂಗಿ. ಜೇನಕ್ಕ ಮದುವೆಯಾಗಿ ಬರುವುದಕ್ಕೆ ಒಂದು ವರ್ಷ ಮುಂಚೆಯೇ ಮನೆ ಬಿಟ್ಟವಳು, ಅಲ್ಲ, ಬಿಡಿಸಲ್ಪಟ್ಟವಳು. ಯಾವುದೋ ಹೋಟೆಲಿನಲ್ಲಿ ಒಂದು ಸಂಜೆ ಸಿನಿಮಾ ಹಾಡು ಹಾಡಿದಳೆಂದು ಮಾವ ಬಾಗಿಲು ಹಾಕಿಕೊಂಡರಂತೆ. ಕರ್ತನ ಪಾತ್ರೆಯಲ್ಲಿ ಲೋಕದ ಎಂಜಲು ಹಾಕಿದಳು ಅಂದರಂತೆ. ಗೋಡೆಯ ಮೇಲಿದ್ದ ಅವಳ ಪಟಗಳನ್ನೆಲ್ಲ ಇಳಿಸಿದ್ದರು. ಹುಡುಗಿಯನ್ನು ಹೊರಗೆ ಹಾಕಿ ದನಿಯನ್ನು ಒಳಗಿಟ್ಟುಕೊಂಡಿದ್ದರು. ಆ ದನಿಯ ಮುಂದೆ ನಿಂತು ಬಾಯಿ ಆಡಿಸಲು ಒಬ್ಬ ಸೊಸೆ ಬೇಕಿತ್ತು, ತಂದರು.

ಈಗ ಎಲ್ಲ ಒಂದಕ್ಕೊಂದು ತಾಳೆಯಾಗತೊಡಗಿತು. ಮಾವನ ಹಳೇ ಹಾಡುಗಳಲ್ಲಿ ಮಾತ್ರ ಜೇನಕ್ಕನಿಗೆ ಎರಡನೇ ದನಿ ಇತ್ತು. ಗಂಡ ಹೊಸದಾಗಿ ಕಟ್ಟಿದ ಹಾಡುಗಳಲ್ಲಿ ಇಲ್ಲ. ಕೇಳಿದಾಗಲೆಲ್ಲ "ಇದು ಒಂಟಿ ದನಿಗೆ ಬಂದ ಹಾಡು" ಅನ್ನುತ್ತಿದ್ದ. ಅವಳು, ಕರ್ತನ ಚಿತ್ತ ಅಂದುಕೊಂಡು ಪಕ್ಕದಲ್ಲಿ ಚಪ್ಪಾಳೆ ತಟ್ಟುತ್ತಿದ್ದಳು. ಪೆದ್ದಿ! ಶುದ್ಧ ಪೆದ್ದಿ!

ಮನೆಗೆ ಹೋದಾಗ ಅತ್ತೆ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಾ ಕೂತಿದ್ದರು. ಜೇನಕ್ಕ ಚಪ್ಪಲಿಯನ್ನೂ ಬಿಡದೆ ಎದುರಿಗೆ ನಿಂತಳು.

"ಅತ್ತೆ, ಹಾಡು ಶುರುವಾದ ಮೇಲೆ ನನ್ನ ಮೈಕು ಹೊರಗೆ ಕೇಳಿಸಲ್ಲ ಅಂತ ನಿಮಗೆ ಗೊತ್ತಿತ್ತಾ?"

ಅತ್ತೆಯ ಬೆರಳು ನಿಂತಿತು. ಸುಳ್ಳು ಹೇಳುತ್ತಾರೆ ಅಂದುಕೊಂಡಿದ್ದಳು. ಅತ್ತೆ ಹೇಳಲಿಲ್ಲ.

"ನಾನೇ ಹೇಳಿದ್ದು ನಿನ್ನ ಗಂಡನಿಗೆ."

"ನೀವಾ?"

"ಮೊದ್ಲು ಮೊದ್ಲು ನೀನು ತುಂಬಾ ನಡುಗ್ತಿದ್ದೆ. ಅದಕ್ಕೆ ಸ್ವಲ್ಪ ದಿನ ಅವಳ ದನಿ ಇರ್ಲಿ ಅಂತ ನಿಮ್ಮ ಮಾವನೇ ಬಿಟ್ಟಿದ್ರು. ಆಮೇಲೆ ನಿನ್ನ ನಡುಕ ಹೋಯ್ತು. ಅವರು ತೆಗೀರಿ ಅಂದ್ರು. ತೆಗೆಯೋ ದಿನ ನಾನು ಇವನ ಕಾಲು ಹಿಡ್ಕೊಂಡೆ. ಅಪ್ಪನಿಗೆ ತೆಗೆದೆ ಅಂತ ಹೇಳು, ಆದ್ರೆ ತೆಗೀಬೇಡ ಅಂದೆ. ಅಪ್ಪನಿಗೆ ಆಗ್ಲೇ ಕಿವಿ ಮಂದ, ಗೊತ್ತಾಗ್ಲಿಲ್ಲ."

"ನಂಗೂ ಗೊತ್ತಾಗ್ಲಿಲ್ವಲ್ಲ ಅತ್ತೆ!" ಜೇನಕ್ಕ ಕಿರುಚಿದಳು. ಆ ಮನೆಯಲ್ಲಿ ಅವಳು ಕಿರುಚಿದ್ದು ಅದೇ ಮೊದಲು. "ನನ್ನ ದನಿ ಅಷ್ಟು ಕೆಟ್ಟದಾಗಿತ್ತಾ?"

"ಇಲ್ಲ ಕಣೇ. ನಿನ್ನ ದನಿಗೇನಾಗಿದೆ? ಆದ್ರೆ ಅದು ಅವಳ ದನಿ ಅಲ್ಲ." ಅತ್ತೆ ಮತ್ತೊಂದು ಬಟಾಣಿ ಕೋಡು ಎತ್ತಿಕೊಂಡರು. ಸುಲಿಯಲಿಲ್ಲ. "ನಾನು ಹೆತ್ತವಳು. ಪಟ ತೆಗೆದ್ರು, ಬಟ್ಟೆ ಸುಟ್ರು, ಹೆಸರು ಎತ್ತಬೇಡ ಅಂದ್ರು. ನಂಗೆ ಉಳಿದಿದ್ದು ಅದೊಂದೇ."

"ಅವಳು ಎಲ್ಲಿದ್ದಾಳೆ?"

"ಮಾರ್ಕೆಟ್ ಹಿಂದೆ. ಲಾಂಡ್ರಿ ಇಟ್ಟಿದ್ದಾಳೆ. ನೀಲಿ ಬೋರ್ಡು. ಇಲ್ಲಿಂದ ಮೂರೇ ಸ್ಟಾಪು."

ಜೇನಕ್ಕನಿಗೆ ಇದು ಎರಡನೇ ಪೆಟ್ಟು. ಸತ್ತಿದ್ದಾಳೆ, ದೇಶ ಬಿಟ್ಟಿದ್ದಾಳೆ ಅಂದಿದ್ದರೆ ನಂಬುತ್ತಿದ್ದಳು. ಮೂರು ಸ್ಟಾಪು!

"ಮಾವ ಹೋಗಿ ಆರು ವರ್ಷ ಆಯ್ತಲ್ಲ ಅತ್ತೆ. ಈಗ ತಡೆಯೋರು ಯಾರು? ಹೋಗಿದ್ದೀರಾ ಒಂದ್ಸಲ ಆದ್ರೂ?"

"ಇಲ್ಲ."

"ಯಾಕೆ?"

"ಹೋದ್ರೆ ಮಾತಾಡ್ತಾಳೆ. ಕೇಳ್ತಾಳೆ. ಅವತ್ತು ನೀನ್ಯಾಕಮ್ಮ ಬಾಯಿ ಮುಚ್ಕೊಂಡು ನಿಂತಿದ್ದೆ ಅಂತ ಕೇಳ್ತಾಳೆ." ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. "ಇಲ್ಲಿ ಭಾನುವಾರ ಭಾನುವಾರ ಹಾಡ್ತಾಳೆ. ಏನೂ ಕೇಳಲ್ಲ."

ಬೈಯಬೇಕೆಂದು ಬಂದ ಜೇನಕ್ಕ  ಕೋಣೆಗೆ ಹೋಗಿ ಮಂಡಿಯೂರಿದಳು. ಪ್ರಾರ್ಥನೆ ಅಂದರೆ ಅವಳಿಗೆ ನೀರು ಕುಡಿದಷ್ಟು ಸಲೀಸು. ಅವತ್ತು ಒಂದೇ ಒಂದು ಮಾತು ಬಂತು: ಕರ್ತನೇ, ನೀನಾದರೂ ನನ್ನನ್ನು ಕೇಳಿಸಿಕೊಂಡೆಯಾ, ಇಲ್ಲ ನಿನ್ನ ಹತ್ತಿರ ಬರುವ ವಯರನ್ನೂ ಇವರು ಕಿತ್ತಿಟ್ಟಿದ್ದರಾ?

 ಶನಿವಾರ ಬೆಳಿಗ್ಗೆ ಬಸ್ಸು ಹತ್ತಿದಳು.

ನೀಲಿ ಬೋರ್ಡಿನ ಅಂಗಡಿಯಲ್ಲಿ ಹಬೆ ತುಂಬಿತ್ತು. ಗೂಟಗಳ ತುಂಬ ಶರ್ಟುಗಳು, ಕಾಲರಿಗೆ ಪಿನ್ನು ಹಾಕಿದ ಬಟ್ಟೆಯ ಚೀಟಿ. ಇಸ್ತ್ರಿ ಮೇಜಿನ ಹಿಂದೆ ದಪ್ಪಗಿನ ಹೆಂಗಸೊಬ್ಬಳು ತಲೆ ಬಗ್ಗಿಸಿ ಶರ್ಟಿನ ತೋಳಿಗೆ ಇಸ್ತ್ರಿ ಹಾಕುತ್ತಿದ್ದಳು. ಜೇನಕ್ಕ ಬಾಯಿ ತೆರೆಯುವ ಮುಂಚೆ ಅವಳೇ ಕೇಳಿದಳು.

"ಏನಮ್ಮ, ಕೊಡೋದಾ, ತಗೊಂಡು ಹೋಗೋದಾ?"

ಜೇನಕ್ಕ ಕೌಂಟರ್ ಹಿಡಿದುಕೊಂಡಳು. ಇಷ್ಟು ವರ್ಷ ತನ್ನದೆಂದು ನಂಬಿದ್ದ ದನಿ, ಬೇರೆ ಬಾಯಿಂದ ಬರುತ್ತಿತ್ತು. ಸ್ವಲ್ಪ ಒರಟಾಗಿತ್ತು, ಆದರೆ ಅದೇ. ತನ್ನ ಜೇನು ಇಲ್ಲಿ ಕೂತು ಪರರ ಶರ್ಟಿನ ಲೆಕ್ಕ ಕೇಳುತ್ತಿತ್ತು.

"ನಾನು… ನಿಮ್ಮಣ್ಣನ ಹೆಂಡತಿ."

ನಾದಿನಿ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಇಟ್ಟಳು. ಅಡಿಯಿಂದ ಮುಡಿವರೆಗೆ ನೋಡಿದಳು. "ಯಾರು ಹೋದ್ರು?" ಅಂದಳು.

"ಯಾರೂ ಹೋಗಿಲ್ಲ." ಜೇನಕ್ಕ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಆಸ್ಪತ್ರೆ, ಅಜ್ಜಿ, ಬೋರ್ಡು, ಪುಟ್ಟೀ ಉಸಿರು ತಗೋ. ನಾದಿನಿ ಬಾಯಿ ಬಿಟ್ಟುಕೊಂಡು ಕೇಳಿದಳು. ಅವಳಿಗೂ ಗೊತ್ತಿರಲಿಲ್ಲ! ಎದೆಯೊಳಗಿನ ಕಸವನ್ನೆಲ್ಲ ಹೊರಗೆ ಹಾಕುವ ಹಾಗೆ ಜೋರಾಗಿ ನಕ್ಕಳು. ನಗು ಮುಗಿಯುವ ಮುಂಚೆ ಕಣ್ಣು ಕೆಂಪಾಗಿತ್ತು.

"ನಮ್ಮಪ್ಪ ನನ್ನ ಚಪ್ಪಲೀನೂ ಬೀದಿಗೆ ಎಸೆದ್ರು ಅತ್ತಿಗೆ. ಗಂಟಲು ಮಾತ್ರ ಇಟ್ಕೊಂಡ್ರಾ? ಎಂಥ ಕಳ್ಳ ಭಕ್ತರಪ್ಪಾ!"

"ಅತ್ತೆಗೋಸ್ಕರ ಅಂತೆ. ಅವರು ಭಾನುವಾರ ಭಾನುವಾರ ಮುಂದೆ ಕೂತು ಕೇಳ್ತಾರೆ. ಕಣ್ಣು ಮುಚ್ಕೊಂಡು."

ನಾದಿನಿ ಇಸ್ತ್ರಿ ಮುಗಿದಿದ್ದ ತೋಳಿನ ಮೇಲೇ ಮತ್ತೆ ಇಸ್ತ್ರಿ ಎಳೆದಳು, ಮತ್ತೆ ಎಳೆದಳು. ಸೀದ ವಾಸನೆ ಬಂದ ಮೇಲೆ ಎತ್ತಿದಳು.

"ಅಮ್ಮ ಇಲ್ಲಿಗೆ ಬರಬಹುದಿತ್ತು," ಅಂದಳು. "ನಾನು ದಿನಾ ಹಾಡ್ತೀನಿ ಇಲ್ಲಿ. ಬಟ್ಟೆಗೆ."

"ನಾಳೆ ಸಭೆಗೆ ಬರ್ತೀಯಾ ನನ್ನ ಜೊತೆ?"

"ಬರಲ್ಲ. ಹೊರಗೆ ಹಾಕಿದ ಬಾಗಿಲಲ್ಲಿ ನಾನಾಗಿ ಒಳಗೆ ಬರಲ್ಲ. ನನ್ನ ದನಿ ತೆಗೆಸಿಬಿಡು ಅತ್ತಿಗೆ. ಅದನ್ನ ಇಟ್ಕೊಂಡಿರೋವರೆಗೂ ಅಮ್ಮನಿಗೆ ನಾನು ಬೇಕಾಗಲ್ಲ." ಅವಳು ಸುಟ್ಟ ತೋಳನ್ನು ಮಡಿಸಿದಳು. "ಭಾನುವಾರ ಅರ್ಧ ಶಟರ್ ಎಳೆದಿರ್ತೀನಿ. ಒಳಗೇ ಇರ್ತೀನಿ. ತಟ್ಟಿದ್ರೆ ಸಾಕು ಅಂತ ಹೇಳು. ಇಲ್ಲ, ಬಿಡು, ಹೇಳಬೇಡ."

ಸಂಜೆ ಗಂಡ ಬಂದ. ಹೊಸ ಸ್ಪೀಕರಿನ ರಟ್ಟಿನ ಪೆಟ್ಟಿಗೆಯನ್ನು ನಡುಮನೆಯಲ್ಲಿ ಇಟ್ಟು, ಹೆಂಡತಿಯ ಮುಖ ನೋಡಿ, ಪೆಟ್ಟಿಗೆಯ ಮೇಲೇ ಕೂತುಬಿಟ್ಟ. ವಯರಣ್ಣ ಆಗಲೇ ಫೋನು ಮಾಡಿದ್ದನೆಂದು ಕಾಣುತ್ತದೆ.

"ಒಂದು ತಿಂಗಳು ಅಂತ ಶುರುವಾಗಿದ್ದು ಕಣೇ," ಅಂದ. "ಆಮೇಲೆ ಹೇಳೋಣ, ಆಮೇಲೆ ಹೇಳೋಣ ಅಂತ… ನೀನು ಸಾಕ್ಷಿ ಹೇಳೋಕೆ ಶುರು ಮಾಡಿದ ಮೇಲೆ ಹೇಗೆ ಹೇಳಲಿ? ನಾಳೆ ಒಂದಿನ ಹೀಗೇ ಹೋಗ್ಲಿ. ಆಮೇಲೆ ವಾರ ವಾರ ಅವಳದ್ದು ಸ್ವಲ್ಪ ಇಳಿಸಿ ನಿಂದು ಸ್ವಲ್ಪ ಏರಿಸ್ತಾ ಬರೋಣ. ಯಾರಿಗೂ ಗೊತ್ತಾಗಲ್ಲ."

ಹದಿನಾಲ್ಕು ವರ್ಷ ಮೋಸ ಹೋದವಳಿಗೆ ಕಂತಿನಲ್ಲಿ ನ್ಯಾಯ ಕೊಡುವ ಗಂಡ! ಜೇನಕ್ಕನಿಗೆ ಮೈಯೆಲ್ಲ ಉರಿಯಿತು. ಆದರೆ ಕೇಳಬೇಕಾಗಿದ್ದದ್ದು ಒಂದೇ.

"ರೀ, ಒಂದು ಹೇಳಿ. ನಿಜ ಹೇಳಿ. ನನ್ನ ದನಿ ಹೇಗಿದೆ?"

ಹಾಡುವಾಗ ಗಂಡನ ಎರಡೂ ಕಿವಿಗೆ ತಾಳ ತಪ್ಪದಿರಲೆಂದು ಹೆಡ್‌ಫೋನು ಇರುತ್ತದೆ, ಅದರಲ್ಲಿ ಬರುವುದು ಟ್ರ್ಯಾಕು. ಅವನು ರಟ್ಟಿನ ಪೆಟ್ಟಿಗೆಯ ಅಂಚನ್ನು ಉಗುರಿನಿಂದ ಕೆರೆದ.

"ಗೊತ್ತಿಲ್ಲ ಕಣೇ," ಅಂದ. "ಕೇಳಿ ಎಷ್ಟೋ ವರ್ಷ ಆಯ್ತು."

ಇದಕ್ಕಿಂತ ದೊಡ್ಡ ಆಘಾತ ಇನ್ನೇನು ಬೇಕು? ದನಿ ಕೆಟ್ಟದಾಗಿದೆ ಅಂದಿದ್ದರೂ ಜಗಳ ಆಡಬಹುದಿತ್ತು. ಅವಳು ಎದ್ದು ಹೋಗಿ ನಾಳೆಯ ಬಟ್ಟೆ ತೆಗೆದಿಟ್ಟಳು.

ಭಾನುವಾರ ಸಭೆ ತುಂಬಿತ್ತು. ನರ್ಸಮ್ಮ ಮಾತು ಉಳಿಸಿಕೊಂಡಿದ್ದಳು. ಅಜ್ಜಿ ಕಪ್ಪು ಕನ್ನಡಕ ಹಾಕಿಕೊಂಡು ಎರಡನೇ ಸಾಲಿನಲ್ಲಿ, ಅತ್ತೆಯ ಹಿಂದೆಯೇ, ಟಿಕೆಟ್ ಕೊಂಡು ಬಂದವಳ ಗತ್ತಿನಲ್ಲಿ ಕೂತಿದ್ದಳು. ಜೇನಕ್ಕ ನೇರವಾಗಿ ಬೋರ್ಡಿನ ಹತ್ತಿರ ಹೋದಳು.

"ವಯರಣ್ಣ, ಪುಟ್ಟಿಯ ದನಿ ಇಳಿಸು. ಪೂರ್ತಿ. ನಂದು ಬಿಡು."

"ಅಕ್ಕ, ಅಣ್ಣ ನನ್ನ ಚರ್ಮ ಸುಲೀತಾರೆ."

"ಸುಲಿದ್ರೆ ನನ್ನ ಹೆಸರು ಹೇಳು."

ಅವನು ಕುತ್ತಿಗೆಯ ವಯರನ್ನು ಎಳೆದಾಡಿಕೊಂಡ. ಇವನು ಮಾಡುತ್ತಾನೋ ಇಲ್ಲವೋ ತಿಳಿಯದೆಯೇ ಅವಳು ವೇದಿಕೆ ಹತ್ತಿದಳು. ಸಾಕ್ಷಿಯ ಹೊತ್ತು. ಸಭೆ ಕಾಯುತ್ತಿತ್ತು, ಕೆಲವರು ಸ್ತೋತ್ರ ಅನ್ನಲು ಆಗಲೇ ಬಾಯಿ ಸಿದ್ಧ ಮಾಡಿಕೊಂಡಿದ್ದರು. ಜೇನಕ್ಕ ಮೈಕು ಹಿಡಿದಳು.

"ಇವತ್ತು ಸಾಕ್ಷಿ ಇಲ್ಲ ಪ್ರಿಯರೇ," ಅಂದಳು. "ಹಾಡ್ತೀನಿ ಅಷ್ಟೇ."

ಗಂಡ ಗಾಬರಿಯಿಂದ ನೋಡಿದ. ಟ್ರ್ಯಾಕು ಶುರುವಾಗಿತ್ತು, ನಿಲ್ಲಿಸುವ ಹಾಗಿರಲಿಲ್ಲ. ಮಾವನ ಗಿಟಾರು ಬಂತು. ಗಂಡ ಮೊದಲ ಸಾಲು ಹಾಡಿದ. ಅದನ್ನೇ ತಿರುಗಿಸಿ ಹಾಡಲು ಅವಳು ಬಾಯಿ ತೆರೆದಳು, "ಮುಚ್ಚಿದ ಕದವ…" ಮತ್ತು ಸಭಾಮಂದಿರದ ಹಿಂದಿನ ಗೋಡೆಗೆ ಬಡಿದು ವಾಪಸು ಬಂದದ್ದು ಅವಳದೇ ದನಿ. ತೆಳ್ಳಗೆ, ನಡುಗುತ್ತಾ, ಅಂಚಿನಲ್ಲಿ ಸ್ವಲ್ಪ ಒಡೆದು. ತನ್ನನ್ನು ತಾನು ಅಷ್ಟು ದೊಡ್ಡದಾಗಿ ಅವಳು ಎಂದೂ ಕೇಳಿರಲಿಲ್ಲ. ಹೆದರಿಕೆಯಿಂದ ಒಂದು ಸ್ವರ ಜಾರಿತು.

ತಲೆಗಳು ತಿರುಗಿದವು. ಪಿಸುಪಿಸು ಎದ್ದಿತು. ಗಂಡ ಒಂದು ಕಿವಿಯ ಹೆಡ್‌ಫೋನನ್ನು ಸರಿಸಿದ, ಆಮೇಲೆ ಇನ್ನೊಂದನ್ನೂ. ತೆಗೆದವನು ಮತ್ತೆ ಹಾಕಿಕೊಳ್ಳಲಿಲ್ಲ, ಅವಳ ಕಡೆ ನೋಡುತ್ತಾ ಹಾಡಿದ.

ಮುಂದಿನ ಸಾಲಿನಲ್ಲಿ ಅತ್ತೆ ಕಣ್ಣು ತೆರೆದರು. ಯಾರೋ ಕೈಯಿಂದ ಏನನ್ನೋ ಕಿತ್ತುಕೊಂಡಾಗ ಆಗುವಂಥ ಮುಖ. ಎಡಕ್ಕೆ ನೋಡಿದರು, ಸ್ಪೀಕರಿನ ಕಡೆ ನೋಡಿದರು, ಸೊಸೆಯನ್ನು ನೋಡಿದರು. ಹುಡುಕಿದರು, ಸಿಗಲಿಲ್ಲ. ಎರಡನೇ ಚರಣದ ನಡುವೆ ಮಂಡಿ ಹಿಡಿದುಕೊಂಡು ಎದ್ದರು, ಚೀಲವನ್ನು ಎದೆಗವಚಿಕೊಂಡು ಕುರ್ಚಿಗಳ ನಡುವಿನ ದಾರಿಯಲ್ಲಿ ಕುಂಟುತ್ತಾ ಹೊರಟರು. ಸಭೆಯೆಲ್ಲ ತಿರುಗಿ ನೋಡಿತು.  ಜೇನಕ್ಕ ಹಾಡು ಬಿಡಲಿಲ್ಲ. ವೇದಿಕೆಯಿಂದ ತೆರೆದ ಬಾಗಿಲು ಕಾಣುತ್ತಿತ್ತು. ಮನೆಗೆ ಹೋಗಬೇಕಾದರೆ ಎಡಕ್ಕೆ ತಿರುಗಬೇಕು. ಅತ್ತೆ ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಆಮೇಲೆ ಬಲಕ್ಕೆ, ಬಸ್ ಸ್ಟಾಪಿನ ಕಡೆ ತಿರುಗಿದರು.

ಹಾಡು ಮುಗಿಯಿತು. ಸ್ತೋತ್ರ ಅನ್ನಲು ಯಾರಿಗೂ ನೆನಪಾಗಲಿಲ್ಲ. ಆ ಮೌನದಲ್ಲಿ ಮೂರನೇ ಸಾಲಿನ ಹೆಂಗಸೊಬ್ಬಳು ಪಕ್ಕದವಳಿಗೆ, "ಪಾಪ, ಜೇನಕ್ಕನಿಗೆ ಗಂಟಲು ಕೆಟ್ಟಿದೆ ಅನ್ಸುತ್ತೆ" ಅಂದದ್ದು ವೇದಿಕೆಯವರೆಗೂ ಕೇಳಿಸಿತು.  ಅಜ್ಜಿ ತನ್ನ ಜೇನನ್ನು ಕೇಳಲು ಬಂದವಳು, ಈಗ ಇಡೀ ಸಭೆಯ ಮುಂದೆ "ಇವಳಲ್ಲ" ಅನ್ನುತ್ತಾಳೆ ಅಂತ ಜೇನಕ್ಕ ಕಾದು ನಿಂತಳು.

ಅಜ್ಜಿ ಕಪ್ಪು ಕನ್ನಡಕದ ತಲೆಯನ್ನು ಹಿಂದಕ್ಕೆ ತಿರುಗಿಸಿದಳು.

"ಕೆಟ್ಟಿಲ್ಲ, ಗಿಟ್ಟಿಲ್ಲ. ಅವಳ ಗಂಟಲೇ ಅದು," ಅಂದಳು, ಟಾಕೀಸಿನ ಗದ್ದಲದ ಮೇಲೆ ಮಾತಾಡಿ ರೂಢಿಯಾದ ದನಿಯಲ್ಲಿ. ಆಮೇಲೆ ನರ್ಸಮ್ಮನ ತೋಳು ತಿವಿದಳು. "ಮೊನ್ನೆ ಆಸ್ಪತ್ರೆಗೆ ಬಂದು ನನ್ನ ಹತ್ರ ಹಾಡಿದ್ಲಲ್ಲ, ಅವಳೇ ಕಣೇ ಇವಳು. ನಂಗೆ ಗೊತ್ತಾಗಲ್ವಾ?"